ಡಬ್ ಎಂದ ಸೇತುವೆ

ಆ ಬೆಳಿಗ್ಗೆ ಸುತ್ತಿಗೆಯಮ್ಮ ಎಲ್ಲಿ ತಟ್ಟಿದರೂ ಸೇತುವೆ ಡಬ್ ಎಂದೇ ಅನ್ನುತ್ತಿತ್ತು.

ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಅದೇ. ಕುಕ್ಕರುಗಾಲಲ್ಲಿ ಕೂತು ಕಾಂಕ್ರೀಟು ತಟ್ಟುವುದು. ಗಟ್ಟಿ ಜಾಗ ಟಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟಿದ್ದರೆ ಡಬ್. ಡಬ್ ಅಂದಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು. ಇವತ್ತು ಸುತ್ತು ಹಾಕಿ ಹಾಕಿ ಸೀಮೆಸುಣ್ಣದ ಡಬ್ಬಿಯೇ ಖಾಲಿ.

ಹಾಳಾಗಿರುವುದು ಸೇತುವೆಯೋ, ತನ್ನ ಕಿವಿಯೋ? ಹೋದ ವಾರ ಅಕ್ಕ ಸೊಪ್ಪು ತಾ ಎಂದರೆ ಸೋಪು ತಂದಿದ್ದಳು.

ಅಕ್ಕನ ಗಂಡ ಅದೇ ತಂಡದವನು. ನೆಲದೊಳಕ್ಕೆ ಅಲೆ ಬಿಟ್ಟು ನೋಡುವ ರಾಡಾರ್ ಗಾಡಿ ತಳ್ಳಿಕೊಂಡು ಬಂದ.

"ಏನ್ ನಾದಿನಿ, ಚಿತ್ರಕಲೆ ಪರೀಕ್ಷೆ ಕಟ್ಟಿದೀಯಾ? ನನ್ನ ಗಾಡೀಲಿ ಎಲ್ಲಾ ಗಟ್ಟಿಯಾಗೇ ಕಾಣ್ತಿದೆ."

"ನಿಮ್ಮ ಗಾಡಿ ಕಣ್ಣಿಗೆ ಪೊರೆ ಬಂದಿರ್ಬೇಕು, ಭಾವ."

"ಗಾಡಿಗೆ ಪೊರೆ, ನಿನಗೆ ಸೋಪು!"

ಪಕ್ಕದಲ್ಲೇ ನಿಂತಿದ್ದ ತಂಡದ ಇಂಜಿನಿಯರಮ್ಮ ನಗಲಿಲ್ಲ. "ಒಂದು ಕಡೆ ಕೊರೆದು ನೋಡೋಣ. ಗಟ್ಟಿ ಬಂದ್ರೆ, ನಾಳೆಯಿಂದ ನೀವು ಆಫೀಸಲ್ಲಿ ಫೈಲ್ ನೋಡ್ಕೊಳ್ಳಿ ಅಮ್ಮ."

ಫೈಲು! ತಟ್ಟಿದರೆ ಧೂಳು ಬರುತ್ತದೆಯೇ ಹೊರತು ಸದ್ದು ಬರುತ್ತದೆಯೇ? ಸುತ್ತಿಗೆಯಮ್ಮ ತೀರಾ ಟೊಳ್ಳೆನಿಸಿದ ಒಂದು ಸುತ್ತಿನ ಮೇಲೆ ಬೆರಳಿಟ್ಟಳು. ಯಂತ್ರ ಗರ್ರೆಂದು ಕೊರೆಯಿತು. ಗೇಣುದ್ದದ ಕಾಂಕ್ರೀಟಿನ ದುಂಡನೆ ಗೂಟ ಹೊರಬಂತು. ನೋಡಲು ಇಡಿಯಾಗೇ ಇತ್ತು.

"ನೋಡ್ದ್ಯಾ?" ಎನ್ನುತ್ತ ಭಾವ ಅದನ್ನು ಎತ್ತಿದ. ಮೇಲಿನ ತುಂಡು ಡಬ್ಬಿಯ ಮುಚ್ಚಳದಂತೆ ಅವನ ಕೈಗೆ ಬಂತು. ಉಳಿದದ್ದು ಕಾಲ ಮೇಲೆ ಬಿತ್ತು.

"ಇಷ್ಟು ತೆಳು ಬಿರುಕು ರಾಡಾರಿಗೆ ಸಿಗಲ್ಲ," ಎಂದಳು ಇಂಜಿನಿಯರಮ್ಮ. "ಸೇತುವೆ ಮುಚ್ಚಿ."

"ಹಾಳಾಗಿದೆ!" ಸುತ್ತಿಗೆಯಮ್ಮ ಎದ್ದು ಕುಣಿದೇಬಿಟ್ಟಳು. "ಪೂರ್ತಿ ಹಾಳಾಗಿದೆ!" ಕಾಲು ಹಿಡಿದು ಕೂತಿದ್ದ ಭಾವನ ಹೆಲ್ಮೆಟ್ಟಿಗೂ ಒಂದು ತಟ್ಟಿದಳು. "ಅಯ್ಯೋ, ಇಲ್ಲೂ ಟೊಳ್ಳು!"

ತಪಾಸಣೆ ಮುಗಿಯಲೆಂದು ಸಾಲಿನಲ್ಲಿ ಕಾಯುತ್ತಿದ್ದ ಬಸ್ಸಿನ ಡ್ರೈವರ್ ತಲೆ ಹೊರಹಾಕಿದ. "ಏನಮ್ಮಾ, ಹಾಳಾಗಿದ್ದಕ್ಕೆ ಇಷ್ಟು ಖುಷಿನಾ? ನಾವೆಲ್ಲಿ ಹೋಗೋದು?"

"ಬಳಸಿ ಹೋಗಿ ಸ್ವಾಮಿ! ಬರೀ ಹನ್ನೆರಡು ಕಿಲೋಮೀಟರು!"

ತನ್ನ ಮನೆ ಇರುವುದೂ ಆಚೆ ದಡದಲ್ಲೇ ಎಂದು ಅವಳಿಗೆ ಹೊಳೆದದ್ದು ರಸ್ತೆಗೆ ಅಡ್ಡಗಂಬ ಬಿದ್ದ ಮೇಲೆ. ಅದಕ್ಕೂ ನಕ್ಕಳು. ಸಂಜೆ ಬಳಸುದಾರಿಯ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೇತುವೆ ಮುಚ್ಚಿಸಿದವರಿಗೆ ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ ಬೈಗುಳ. ಕಂಬಿ ಹಿಡಿದು ನಿಂತ ಸುತ್ತಿಗೆಯಮ್ಮ, ಒಂದಕ್ಷರವೂ ತಪ್ಪದಂತೆ ಎಲ್ಲವನ್ನೂ ಕೇಳಿಸಿಕೊಂಡಳು.