ರಾಜೀನಾಮೆ ಕೊಟ್ಟ ಮೇಲೆ ಆದ ಗಾಯ

ಇಸ್ತ್ರಿ ಅಕ್ಕ ಕೆಲಸ ಬಿಡಲು ಇನ್ನು ಎರಡೇ ದಿನ ಉಳಿದಿತ್ತು.

ಅವಳು ದುಡಿಯುತ್ತಿದ್ದದ್ದು ಆಸ್ಪತ್ರೆಗಳ ಬೆಡ್‌ಶೀಟು, ದಿಂಬಿನ ಚೀಲ ಒಗೆದುಕೊಡುವ ದೊಡ್ಡ ಲಾಂಡ್ರಿಯಲ್ಲಿ. ಒಂಬತ್ತು ವರ್ಷ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದಕ್ಕೆ ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. ಈಗ ಮನೆಯ ಹತ್ತಿರವೇ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಕೂತು ಮಾಡುವ ಕೆಲಸ, ಬೆವರು ಇಳಿಯದ ಕೋಣೆ. ಒಂದು ತಿಂಗಳ ಹಿಂದೆಯೇ ರಾಜೀನಾಮೆ ಪತ್ರ ಕೊಟ್ಟಿದ್ದಳು. ಶುಕ್ರವಾರ ಕೊನೆಯ ದಿನ.

ಬುಧವಾರ ಮಧ್ಯಾಹ್ನ ಒದ್ದೆ ಬಟ್ಟೆ ತುಂಬಿದ ತಳ್ಳುಗಾಡಿಯನ್ನು ಯಂತ್ರದ ಕಡೆಗೆ ತಳ್ಳಿಕೊಂಡು ಬರುತ್ತಿದ್ದಳು. ಚರಂಡಿಯ ಜಾಲರಿ ದಾಟುವಾಗ ಮುಂದಿನ ಚಕ್ರ ಸಿಕ್ಕಿಕೊಂಡು ಗಾಡಿ ಪಕ್ಕಕ್ಕೆ ವಾಲಿತು. ಅವಳು ಯೋಚಿಸದೆ ಬಲಗೈಯಲ್ಲಿ ಅದನ್ನು ತಡೆದು ಹಿಡಿದಳು. ಭುಜದ ಒಳಗೆ ಏನೋ ಹರಿದಂತಾಯಿತು. ಗಾಡಿ ನಿಂತಿತು, ಕೈ ಮಾತ್ರ ಮೇಲೇಳಲಿಲ್ಲ.

ಬಟ್ಟೆ ಮಡಚುತ್ತಿದ್ದ ಗೆಳತಿ ಓಡಿ ಬಂದು ಅವಳನ್ನು ಕೂರಿಸಿದಳು. ಸೂಪರ್‌ವೈಸರ್ ಕೂಡ ಬಂದ. ಕೆಟ್ಟ ಮನುಷ್ಯನೇನಲ್ಲ, ನೀರು ತರಿಸಿ ಕೊಟ್ಟ. ಆಮೇಲೆ ತಲೆ ಕೆರೆದುಕೊಂಡ.

"ನೋಡಮ್ಮ, ಇನ್ನೆರಡು ದಿನ ತಾನೇ. ರಜೆ ತಗೊಂಡು ಮನೇಲಿರು. ರಾಜೀನಾಮೆ ಕೊಟ್ಟವರಿಗೆ ಪರಿಹಾರ ಗಿರಿಹಾರ ಏನೂ ಸಿಗಲ್ಲ. ಸುಮ್ನೆ ರಿಪೋರ್ಟು ಅಂತ ಹೋದ್ರೆ ನಿನ್ನ ಅನುಭವದ ಪತ್ರಾನೂ ತಡ ಆಗುತ್ತೆ."

ಅವಳು ತಲೆಯಾಡಿಸಿದಳು. ನೋವಿನಲ್ಲಿದ್ದವಳಿಗೆ ವಾದ ಮಾಡುವ ತ್ರಾಣ ಎಲ್ಲಿಂದ ಬರಬೇಕು?

ಸಂಜೆ ಗಂಡ ಅವಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅವನು ಪೇಂಟರ್. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಇನ್ನೂ ಹಾಗೇ ಇತ್ತು. ಅಲ್ಲಿ ಚೀಟಿ ಬರೆಯುತ್ತಿದ್ದವಳು ಅವರದೇ ಕಟ್ಟಡದ ಕೆಳಮನೆಯ ನರ್ಸು.

"ಏನಾಯ್ತು ಅಕ್ಕ, ಎಲ್ಲಿ ಬಿದ್ರಿ?"

ಇಸ್ತ್ರಿ ಅಕ್ಕ ಗಂಡನ ಮುಖ ನೋಡಿದಳು. ದಾರಿಯಲ್ಲೇ ಇಬ್ಬರೂ ಮಾತಾಡಿಕೊಂಡಿದ್ದರು. "ಮನೇಲಿ... ಬಚ್ಚಲಲ್ಲಿ ಜಾರಿದೆ," ಎಂದಳು.

ನರ್ಸು ಬರೆಯಲು ಹೋದವಳು ಪೆನ್ನು ಹಾಗೇ ಹಿಡಿದು ನಿಂತಳು. ಅಕ್ಕ ತೊಟ್ಟಿದ್ದದ್ದು ಲಾಂಡ್ರಿಯ ನೀಲಿ ಅಂಗಿ. ತೋಳು ಇನ್ನೂ ಒದ್ದೆ, ಸೋಪಿನ ಪುಡಿಯ ವಾಸನೆ.

"ಡ್ಯೂಟಿ ಅಂಗೀಲಿ ಬಚ್ಚಲಿಗೆ ಹೋಗಿದ್ರಾ?" ನರ್ಸು ಮೆಲ್ಲಗೆ ಕೇಳಿದಳು. "ಅಕ್ಕ, ನಾನು ಇಲ್ಲಿ ಏನು ಬರೀತೀನೋ ಅದೇ ಉಳಿಯೋದು. ನಾಳೆ ನೀವು ನಿಜ ಹೇಳಿದ್ರೂ ಈ ಚೀಟಿ ಬೇರೆ ಹೇಳುತ್ತೆ. ನಿಜವಾಗಿ ಎಲ್ಲಾಯ್ತು?"

ಅಕ್ಕನ ಕಣ್ಣು ತುಂಬಿ ಬಂತು. ನೋವಿಗಿಂತ ಹೆಚ್ಚಾಗಿ, ಸುಳ್ಳು ಹೇಳಿ ಸಿಕ್ಕಿಬಿದ್ದ ನಾಚಿಕೆಗೆ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ನರ್ಸು ದಿನ, ಹೊತ್ತು, ಗಾಡಿ, ಚಕ್ರ ಎಲ್ಲವನ್ನೂ ಬರೆದುಕೊಂಡಳು. ಡಾಕ್ಟರು ನೋಡಿ, ಭುಜದ ಸ್ನಾಯು ಹರಿದಿದೆ, ಎರಡು ತಿಂಗಳು ಭಾರ ಎತ್ತುವ ಹಾಗಿಲ್ಲ, ಕೈಯನ್ನು ಕೊರಳಿಗೆ ಕಟ್ಟಿದ ಜೋಲಿಯಲ್ಲಿ ಇಡಬೇಕು ಎಂದರು.

ಡ್ಯೂಟಿ ಮುಗಿಸಿ ನರ್ಸು ಅವರ ಮನೆಗೆ ಬಂದಳು. ಗಂಡ ಮುಖ ಊದಿಸಿಕೊಂಡು ಕೂತಿದ್ದ.

"ತಂಗೀ, ನೀನು ಒಳ್ಳೇದಕ್ಕೇ ಮಾಡಿದ್ದೀಯ, ಇಲ್ಲ ಅನ್ನಲ್ಲ. ಆದ್ರೆ ಹೋಗೋಳು ಹೋಗ್ತಿದ್ದಾಳೆ, ಅವರ ಜೊತೆ ಯಾಕೆ ಕಿತ್ತಾಟ? ಬಿಟ್ಟು ಹೋಗುವಾಗ ಗಾಯದ ನಾಟಕ ಕಟ್ಟಿದಳು ಅಂತಾರೆ. ಆ ಹೊಲಿಗೆ ಅಂಗಡಿಯವರ ಕಿವಿಗೆ ಬಿದ್ರೆ ಇದೂ ಇಲ್ಲ, ಅದೂ ಇಲ್ಲ."

"ಅಣ್ಣ, ಒಂದು ಮಾತು ಕೇಳ್ತೀನಿ. ಇವತ್ತು ಮಧ್ಯಾಹ್ನ ಅಕ್ಕ ಯಾರ ಗಾಡಿ ತಳ್ತಾ ಇದ್ರು?"

"ಲಾಂಡ್ರಿಯವರದ್ದು."

"ಹಾಜರಿ ಎಲ್ಲಿ ಹಾಕಿದ್ರು?"

"ಅಲ್ಲೇ."

"ಮತ್ತೆ ಇವತ್ತು ಅವರು ಅಲ್ಲಿನ ಕೆಲಸದವರೇ ಅಲ್ವಾ? ಶುಕ್ರವಾರ ಸಂಜೆವರೆಗೂ ಅವರೇ. ನೋಡಬೇಕಾದ್ದು ಗಾಯ ಆದ ದಿನ ಅವರು ಕೆಲಸದಲ್ಲಿದ್ರಾ, ಕೆಲಸದಿಂದಲೇ ಆಯ್ತಾ ಅನ್ನೋದು. ಮುಂದಿನ ವಾರ ಎಲ್ಲಿರ್ತಾರೆ ಅನ್ನೋದಲ್ಲ. ರಾಜೀನಾಮೆ ಕೊಟ್ರೆ ಕೆಲಸ ಮುಗಿಯುತ್ತೆ ಅಣ್ಣ, ಹರಿದ ಭುಜ ಹೊಲಿದುಕೊಳ್ಳಲ್ಲ."

ಗಂಡ ಉಗುರಿನ ಬಣ್ಣ ಕೆರೆಯುತ್ತಾ ಕೂತ. "ನಾನು ಏಣಿ ಮೇಲಿಂದ ಎಷ್ಟು ಸಲ ಬಿದ್ದಿಲ್ಲ. ಯಾರಿಗೂ ಹೇಳಿಲ್ಲ."

"ಅದಕ್ಕೇ ಮೆಟ್ಟಿಲು ಹತ್ತುವಾಗ ಸೊಂಟ ಹಿಡ್ಕೋತೀರ," ಎಂದಳು ಹೆಂಡತಿ. ಆ ದಿನ ಮೊದಲ ಬಾರಿಗೆ ಮೂವರೂ ನಕ್ಕರು.

"ತಡ ಮಾಡಬೇಡಿ," ಎಂದಳು ನರ್ಸು. "ಕೆಲಸ ಬಿಟ್ಟು ತಿಂಗಳಾದ ಮೇಲೆ ಹೇಳಿದ್ರೆ ಯಾರಿಗಾದ್ರೂ ಅನುಮಾನ ಬರುತ್ತೆ. ನಾಳೆನೇ ಬರೆದು ಕೊಡಿ. ಒಂದು ಪ್ರತಿ ನಿಮ್ಮ ಹತ್ರ ಇರಲಿ."

ಅಕ್ಕನ ಬಲಗೈ ಜೋಲಿಯಲ್ಲಿತ್ತು. ಹಾಗಾಗಿ ಅವಳು ಹೇಳುತ್ತಾ ಹೋದಳು, ಗಂಡ ಬರೆದ. ಗೋಡೆಗೆ ಬಣ್ಣ ಬಳಿಯುವವನ ಅಕ್ಷರ ದಪ್ಪ ದಪ್ಪ, ಆದರೆ ಓದಲು ತೊಡಕಿರಲಿಲ್ಲ. ಯಾವ ದಿನ, ಯಾವ ಹೊತ್ತು, ಏನಾಯಿತು, ಯಾರು ನೋಡಿದರು, ಇಷ್ಟೇ. ಗುರುವಾರ ಬೆಳಿಗ್ಗೆ ಅದನ್ನು ಲಾಂಡ್ರಿಯ ಆಫೀಸಿಗೆ ಕೊಟ್ಟು, ತನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡಳು. ಮಡಚುವ ಗೆಳತಿ, "ನಾನು ಕಣ್ಣಾರೆ ನೋಡಿದ್ದೀನಿ, ಎಲ್ಲಿ ಬೇಕಾದ್ರೂ ಹೇಳ್ತೀನಿ," ಎಂದಳು.

ಶುಕ್ರವಾರ ಕಡೆಯ ಸಂಬಳಕ್ಕೆ ಕರೆದರು. ಗುಮಾಸ್ತ ಒಂದು ಕಾಗದ ಮುಂದಿಟ್ಟು, "ಇಲ್ಲೊಂದು ಸಹಿ ಹಾಕಿ, ಎಲ್ಲರೂ ಹಾಕೋದೇ," ಎಂದ. ಅಕ್ಕ ಎಡಗೈಯಲ್ಲಿ ಪೆನ್ನು ಹಿಡಿದಳು. ಆಮೇಲೆ ಕೆಳಗಿಟ್ಟು ಓದಿದಳು. ಕೊನೆಯ ಸಾಲು ಹೀಗಿತ್ತು: 'ಕಂಪನಿಯಿಂದ ನನಗೆ ಬೇರೆ ಯಾವ ಹಕ್ಕೂ ಇಲ್ಲ, ಮುಂದೆ ಏನನ್ನೂ ಕೇಳುವುದಿಲ್ಲ.'

ಅವಳು ಕಾಗದವನ್ನು ಗುಮಾಸ್ತನ ಕಡೆಗೇ ಸರಿಸಿದಳು. ಒಂಬತ್ತು ವರ್ಷದಲ್ಲಿ ಆ ಆಫೀಸಿನಲ್ಲಿ ಅವಳು ಎದುರು ಮಾತಾಡಿದ್ದೇ ಇಲ್ಲ.

"ಸಂಬಳ ಬಂತು ಅಂತ ಸಹಿ ಹಾಕ್ತೀನಿ ಸರ್. ಈ ಸಾಲಿಗೆ ಹಾಕಲ್ಲ. ಇದನ್ನ ಬಿಟ್ಟು ಬೇರೆ ಕಾಗದ ಕೊಡಿ."

ಗುಮಾಸ್ತ ಪಕ್ಕದಲ್ಲೇ ನಿಂತಿದ್ದ ಸೂಪರ್‌ವೈಸರನ ಕಡೆ ನೋಡಿದ. ಸೂಪರ್‌ವೈಸರ್ ಜೋಲಿಯಲ್ಲಿದ್ದ ಕೈ ನೋಡಿದ. "ಬೇರೆ ಬರೆದುಕೊಡಪ್ಪ," ಎಂದ.

ಮುಂದೆ ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು ಎಂದರೆ ಸುಳ್ಳಾಗುತ್ತದೆ. ಮೂರು ವಾರದ ಮೇಲೆ ಕಂಪನಿಯ ವಿಮೆಯವರಿಂದ ಪತ್ರ ಬಂತು: ಗಾಯ ಆಗಿದ್ದು ರಾಜೀನಾಮೆಯ ನಂತರ, ಆದ್ದರಿಂದ ಪರಿಹಾರ ಇಲ್ಲ. ಗಂಡ ಪತ್ರವನ್ನು ಮೇಜಿನ ಮೇಲೆ ಎಸೆದು, "ನಾನು ಹೇಳಲಿಲ್ವಾ," ಎಂದ. ಆದರೆ ಮರುದಿನ ಕೆಲಸಕ್ಕೆ ರಜೆ ಹಾಕಿ ಹೆಂಡತಿಯ ಜೊತೆ ಕಾರ್ಮಿಕ ಕಚೇರಿಗೆ ಹೊರಟವನೂ ಅವನೇ.

ಕಚೇರಿಗೆ ಎರಡು ಸಲ ಅಲೆದಾಟವಾಯಿತು. ಮೂರನೇ ಸಲ ಎರಡೂ ಕಡೆಯವರನ್ನು ಕೂರಿಸಿ ಅಧಿಕಾರಿ ಹಾಜರಿ ಪುಸ್ತಕ ತರಿಸಿದರು, ಕ್ಲಿನಿಕ್ಕಿನ ಚೀಟಿ ಓದಿದರು, ಗೆಳತಿಯ ಮಾತು ಕೇಳಿದರು. ನಂತರ ವಿಮೆಯವನನ್ನು ಕೇಳಿದರು: "ಆ ಬುಧವಾರ ಇವರು ಲಾಂಡ್ರಿಯ ಕೆಲಸದಲ್ಲಿ ಇದ್ದರೋ ಇಲ್ಲವೋ?"

"ಇದ್ದರು ಮೇಡಂ. ಆದರೆ ಬಿಡುವವರಿದ್ದರು."

"ಎಲ್ಲರೂ ಒಂದು ದಿನ ಬಿಡುವವರೇ," ಎಂದು ಅಧಿಕಾರಿ ಹಾಜರಿ ಪುಸ್ತಕ ಮುಚ್ಚಿದರು.

ಚಿಕಿತ್ಸೆಯ ಖರ್ಚು, ದುಡಿಯಲಾಗದ ದಿನಗಳಿಗೆ ಸಂಬಳದ ಒಂದು ಪಾಲು, ಎರಡನ್ನೂ ಕೊಡಬೇಕೆಂದು ಆದೇಶವಾಯಿತು. ಹೊರಗೆ ಬಂದ ಮೇಲೆ ಸೂಪರ್‌ವೈಸರ್ ಹತ್ತಿರ ಬಂದು, "ನನಗೆ ನಿಜವಾಗ್ಲೂ ಗೊತ್ತಿರಲಿಲ್ಲಮ್ಮ. ನನಗೂ ಯಾರೋ ಹಾಗೇ ಹೇಳಿದ್ರು," ಎಂದ. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. "ಈಗ ಗೊತ್ತಾಯ್ತಲ್ಲ ಸರ್, ಒಳಗಿರೋರಿಗೆ ಹೇಳಿ," ಎಂದಳು.

ಹೊಲಿಗೆ ಅಂಗಡಿಯ ಒಡತಿಗೆ ಅವಳು ಮೊದಲ ವಾರವೇ ಹೋಗಿ ವಿಷಯ ತಿಳಿಸಿದ್ದಳು. ಒಡತಿ ಕತ್ತರಿ ಬದಿಗಿಟ್ಟು, "ಪೂರ್ತಿ ವಾಸಿ ಮಾಡ್ಕೊಂಡು ಬನ್ನಿ. ಅರ್ಧ ಗುಣವಾದ ಕೈಯಿಂದ ನಿಮಗೂ ಕಷ್ಟ, ನನ್ನ ಬಟ್ಟೆಗೂ ಕಷ್ಟ," ಎಂದಿದ್ದಳು. ಮೂರನೇ ತಿಂಗಳು ಅಕ್ಕ ಅಲ್ಲಿ ಕೆಲಸಕ್ಕೆ ಕೂತಳು. ಅದೇ ವಾರ ಅವಳ ಗಂಡ ಒಂದು ಹೊಸ ಕಟ್ಟಡದ ಕೆಲಸ ಒಪ್ಪಿಕೊಳ್ಳುವ ಮುಂಚೆ ಮೇಸ್ತ್ರಿಯನ್ನು ಕೇಳಿದನಂತೆ: "ಇಲ್ಲಿ ಯಾರಾದ್ರೂ ಬಿದ್ರೆ ಯಾರಿಗೆ ಬರೆದು ಕೊಡಬೇಕು ಸ್ವಾಮಿ?"

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ಯಾವುದೋ ಕೆಲಸ ಬಿಡುವ ಹೊಸ್ತಿಲಲ್ಲಿರಬಹುದು. ಕೊನೆಯ ದಿನವಾದರೂ ಸರಿ, ಕೆಲಸದಲ್ಲಿ ಪೆಟ್ಟಾದರೆ ಅಂದೇ ಹೇಳಿ, ಬರೆದು ಕೊಡಿ, ನಿಮ್ಮ ಪ್ರತಿ ಜೋಪಾನವಾಗಿಡಿ. ಡಾಕ್ಟರ ಮುಂದೆ ನಡೆದದ್ದನ್ನೇ ಹೇಳಿ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಓದಲು ಬಾರದಿದ್ದರೆ, ಓದಿ ಹೇಳುವವರು ಸಿಗುವ ತನಕ ಕಾಯಿರಿ. ನಿಯಮಗಳು, ಅರ್ಜಿಯ ಗಡುವುಗಳು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಅದಕ್ಕೇ ಹತ್ತಿರದ ಕಾರ್ಮಿಕ ಕಚೇರಿಯಲ್ಲೋ ಸಂಘದಲ್ಲೋ ಬೇಗ ವಿಚಾರಿಸಿ. "ಬಿಟ್ಟು ಹೋಗುವವರಿಗೆ ಏನೂ ಇಲ್ಲ" ಎಂದು ಯಾರಾದರೂ ಹೇಳಿದರೆ ಅದನ್ನೇ ನಂಬಿ ಮನೆಗೆ ಮರಳಬೇಡಿ. ನೀವು ದುಡಿದ ಪ್ರತಿ ದಿನವೂ ದುಡಿದ ದಿನವೇ, ಕೊನೆಯ ದಿನವೂ ಸೇರಿ.