ಜೆನೊನ್ ಬಾಯಿಗೆ ಬಾರದ ಮಾತು

ನನ್ನ ಗಂಡ ಜೆನೊನ್ ಬಾಯಲ್ಲಿ ಮೂರು ಹೊತ್ತೂ ಒಂದೇ ಮಾತು: "ಯಾಕೊಶ್ ತೊ ಬೆಂಜೆ." ಹೇಗೋ ಆಗುತ್ತೆ ಬಿಡು ಅಂತ. ನಮ್ಮ ಸರೋವರದ ಸೀಮೆಯಲ್ಲಿ ಎಲ್ಲರೂ ಆಡುವ ಮಾತೇ ಅದು, ಆದರೆ ಇವನಷ್ಟು ಧಾರಾಳವಾಗಿ ಯಾರೂ ಆಡುತ್ತಿರಲಿಲ್ಲ. ಸೂರು ಸೋರಿದರೂ ಅದೇ, ಹಂದಿಗೆ ಕಾಯಿಲೆ ಬಂದರೂ ಅದೇ. "ನಿನ್ನ ಗೋರಿ ಮೇಲೂ ಅದನ್ನೇ ಕೆತ್ತಿಸ್ತೀನಿ ನೋಡು" ಎಂದು ರೇಗುತ್ತಿದ್ದೆ.

ಎಪ್ಪತ್ತೊಂಬತ್ತರ ಹೊಸವರ್ಷದ ಹಿಮಕ್ಕೆ ದಾರಿಗಳೆಲ್ಲ ಮುಚ್ಚಿಹೋದವು. ಆ ವಾರವೇ ಒಂದು ಬೆಳಿಗ್ಗೆ, ದಿನ ತುಂಬುವ ಮೊದಲೇ, ನನಗೆ ಹೆರಿಗೆ ನೋವು ಕಾಣಿಸಿತು. ಜೊತೆಗೆ ರಕ್ತ. ಅತ್ತೆ ಹಾಸಿಗೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು.

"ಇದು ನನ್ ಕೈಲಾಗೋದಲ್ಲ ಕಣೋ. ಆಸ್ಪತ್ರೆಗೆ ಕರ್ಕೊಂಡ್ಹೋಗು."

ಆಸ್ಪತ್ರೆ ಇದ್ದದ್ದು ಆಚೆ ದಡದಲ್ಲಿ. ಸರೋವರ ಹೆಪ್ಪುಗಟ್ಟಿ ಕೆಲವೇ ದಿನವಾಗಿತ್ತು. ಮೇಲೆ ಹಿಮ ಹೊದ್ದಿದ್ದರಿಂದ ಎಲ್ಲಿ ಗಟ್ಟಿ, ಎಲ್ಲಿ ತೆಳು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ಜೆನೊನ್ ನನ್ನನ್ನು ಕುರಿಚರ್ಮದ ಕೋಟಿನಲ್ಲಿ ಸುತ್ತಿ ಜಾರುಬಂಡಿಯಲ್ಲಿ ಮಲಗಿಸಿದ. ಕಂದು ಕುದುರೆ ಗ್ನ್ಯಾಡಿಯನ್ನು ಉದ್ದನೆಯ ಹಗ್ಗದಿಂದ ಬಂಡಿಗೆ ಕಟ್ಟಿ, ತಾನು ಹಾರೆಯಿಂದ ಮಂಜುಗಡ್ಡೆ ಕುಟ್ಟಿ ನೋಡುತ್ತಾ ಮುಂದೆ ನಡೆದ.

ಅರ್ಧ ದಾರಿಯಲ್ಲಿ ಕೆಳಗೆ ಏನೋ ನರಳಿತು. ಆ ಸದ್ದು ನನ್ನ ಬೆನ್ನಡಿಯಿಂದ ಹಾದು ದೂರಕ್ಕೆ ಓಡಿತು. ಜೆನೊನ್ ನಿಂತುಬಿಟ್ಟ.

"ಏನಾಯ್ತೋ?"

ಅವನು ಹಾರೆಯನ್ನು ಮುಂದೆ ಮೆಲ್ಲಗೆ ಊರಿ ನೋಡಿದ.

"ನಿನ್ನ ಆ ಮಾತು ಹೇಳೋ ಮಾರಾಯ. ಇವತ್ತು ರೇಗಲ್ಲ, ಹೇಳು."

ತಿರುಗಿ ನೋಡಿದ. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಎಲ್ಲೋ ಒಂದಿಷ್ಟು ದಾರಿ ಕಂಡಾಗ ಮಾತ್ರ ಅವನು ಅದನ್ನು ಹೇಳುತ್ತಿದ್ದ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

"ಸರಿ, ನಾನೇ ಹೇಳ್ತೀನಿ. ಯಾಕೊಶ್ ತೊ ಬೆಂಜೆ. ನಡಿ!" ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು.

ಹತ್ತು ಮಾರು ಹೋಗಿರಲಿಲ್ಲ, ಗ್ನ್ಯಾಡಿಯ ಹಿಂಗಾಲು ಕುಸಿಯಿತು. ನೋಡನೋಡುತ್ತಾ ಕುತ್ತಿಗೆಯವರೆಗೂ ಕಪ್ಪು ನೀರು. ಹಗ್ಗ ಬಿಗಿದು ಬಂಡಿ ಒಡೆದ ಮಂಜುಗಡ್ಡೆಯ ಬಾಯಿಯತ್ತ ಜಾರತೊಡಗಿತು. ಜೆನೊನ್ ಅದರ ಆಚೆಗಿದ್ದ. ಚಾಕುವನ್ನು ಮಂಜಿನ ಮೇಲೆ ನನ್ನತ್ತ ಜಾರಿಸಿದ.

"ಕೊಯ್ಯಿ! ಕೊಯ್ಯೇ!"

ಗ್ನ್ಯಾಡಿ ನನ್ನನ್ನೇ ನೋಡುತ್ತಿತ್ತು. ನಾನು ಕೊಯ್ದೆ.

ಅವನು ಹೊಟ್ಟೆಯ ಮೇಲೆ ತೆವಳುತ್ತಾ ಸುತ್ತಿ ಬಂದು, ತುಂಡು ಹಗ್ಗ ಹೆಗಲಿಗೆ ಹಾಕಿಕೊಂಡು ಬಂಡಿ ಎಳೆದ. ಹಿಂದೆ ಕುದುರೆಯ ಕೂಗು. "ಕಿವಿ ಮುಚ್ಕೋ" ಅಂದ. ಮುಚ್ಚಿಕೊಂಡೆ, ಆದರೂ ಕೇಳಿಸಿತು. ಆಮೇಲೆ ನಿಂತಿತು. ನಿಂತದ್ದು ಇನ್ನೂ ಭಯಂಕರವಾಗಿತ್ತು.

ಆಚೆ ದಡದವರು ಏಣಿ ಹಾಸಿ ನಮ್ಮನ್ನು ಎಳೆದುಕೊಂಡರು. ಮಧ್ಯಾಹ್ನ ಮಗಳು ಹುಟ್ಟಿದಳು. ಅಂಗೈಯಗಲದ ಜೀವ, ಆದರೂ ಅತ್ತಳು. ಅವಳಿಗೆ ಕಿಂಗಾ ಎಂದು ಹೆಸರಿಟ್ಟೆವು.

ಊರಿಗೆ ಮರಳಿದ ಮೇಲೆ ಜೆನೊನ್ ಸರೋವರದ ಕಡೆಯ ಕಿಟಕಿಗೆ ಮೊಳೆ ಹೊಡೆದು ಕಂಬಳಿ ಕಟ್ಟಿದ. ಮಂಜು ಪೂರ್ತಿ ಕರಗುವವರೆಗೂ ಯಾರಿಗೂ ಅದನ್ನು ತೆಗೆಯಲು ಬಿಡಲಿಲ್ಲ.