ಕೆಸರೆಮ್ಮೆಯ ಕಾಳಗ

ಮದುವೆಯಾಗಿ ಗುರುಗುಂಟಾಕ್ಕೆ ಬಂದ ಮೇಲೆ, ಮೊಬೈಲಿನಲ್ಲಿ ಮೃಗಗಳನ್ನು ಕಾದಾಡಿಸುವ ಆಟ ನನಗೆ ಕಲಿಸಿದವನು ಮೈದುನ ಕನಕರಾಜ. ಯಾವ ಮೃಗ ಕೆಲಸಕ್ಕೆ ಬರುತ್ತದೆ ಎಂಬ ತೀರ್ಪು ಮಾತ್ರ ತನ್ನದೇ ಎಂದುಕೊಂಡಿದ್ದ. ಆಟದಲ್ಲಿ ನಾನು ಆರಿಸಿಕೊಂಡ ಕೆಸರೆಮ್ಮೆಯನ್ನು ನೋಡಿ ನಕ್ಕುಬಿಟ್ಟ.

"ಇದರ ಸ್ಪೀಡ್ ನೋಡ್ರಿ ವೈನಿ. ಕಣದಾಗ ಕೆಸರು ಉಗುಳೋದು ಬಿಟ್ರ ಇದಕ್ಕೇನೂ ಬರಂಗಿಲ್ಲ. ಬಿಟ್ಟುಬಿಡ್ರಿ."

ನನಗೆ ರೇಗಿತು. ಒಣಬೇಸಾಯದ ಊರಿನವನಿಗೆ ಕೆಸರೆಂದರೆ ಏನು ಗೊತ್ತು? ನನ್ನ ತವರು ದಢೇಸುಗೂರು. ಕಾಲುವೆ ನೀರು ನಿಂತ ಗದ್ದೆಯಲ್ಲಿ ಭತ್ತದ ಸಸಿ ನೆಟ್ಟು ಬೆಳೆದವಳು ನಾನು. ಎಂಥ ಓಟಗಾರನೂ ಅಲ್ಲಿ ಮೊಣಕಾಲುದ್ದ ಹೂತು ನಿಲ್ಲುತ್ತಾನೆ.

"ನಿನ್ನ ಚಿರತಿ ಇಳಸು, ನೋಡೇಬಿಡೂನು" ಎಂದೆ.

ಅವನ ಚಿರತೆ ಬಂದದ್ದೇ ಪಟಪಟನೆ ಹೊಡೆಯಿತು. ನನ್ನೆಮ್ಮೆ ತಡೆದುಕೊಂಡು ಕಣದ ತುಂಬ ಕೆಸರು ಉಗುಳಿತು. ಜಿಗಿಯಲು ಹೋದ ಚಿರತೆ ಅಲ್ಲೇ ಸಿಕ್ಕಿಕೊಂಡಿತು. ಅವನು ಪರದೆಯನ್ನು ಎಷ್ಟು ಕುಟ್ಟಿದರೂ ಅದರ ಕಾಲು ಮೇಲೇಳಲಿಲ್ಲ. ಎಮ್ಮೆ ಅವಸರವಿಲ್ಲದೆ ನಡೆದು ಬಂದು, ಹಾಯ್ದು, ಕೆಡವಿತು. ನಾನು ಕೂಗಿದ ಕೂಗಿಗೆ, ಹಾವು ಬಂತೆಂದು ಅತ್ತೆ ಕೋಲು ಹಿಡಿದು ಓಡಿಬಂದರು.

ಕನಕರಾಜ ಮೋರೆ ಸಣ್ಣದು ಮಾಡಿಕೊಂಡ. "ಇನ್ನೊಂದಾಟ ವೈನಿ. ಈ ಸಲ ಎಮ್ಮಿ ನನಗ ಕೊಡ್ರಿ."

"ಕೊಡ್ತೀನಿ. ಮೊದಲ ನಮ್ಮೂರಿಗೆ ಬಂದು ಗದ್ದ್ಯಾಗ ಓಡಿ ತೋರ್ಸು."